ಟವೆಲ್ ಹಾಕಿ ಹಿಡಿದ ಸೀಟು

ನನ್ನ ಹೆಂಡತಿಗೆ ಬೆಳಗಾವಿ ತೋರಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ನಮ್ಮ ಓಣಿಯಲ್ಲಿ ಯಾರೂ ಇದನ್ನು ನಂಬುವುದಿಲ್ಲ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬಿಲ್ಲು ಕೊಡುವ ನೌಕರಿ ನನ್ನದಾಗಿತ್ತು. ಶಹಾಪುರದ ಯಾವ ಓಣಿ ಎಲ್ಲಿ ಹೊಕ್ಕು ಎಲ್ಲಿ ಹೊರಬೀಳುತ್ತದೆ, ವಡಗಾವಿಯಲ್ಲಿ ಯಾರ ಮನೆಯ ಮಗ್ಗ ಯಾವ ಹೊತ್ತಿಗೆ ಸದ್ದು ಮಾಡುತ್ತದೆ, ಅನಗೋಳದಲ್ಲಿ ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ, ಎಲ್ಲ ನನಗೆ ಬಾಯಿಪಾಠ. ರವಿವಾರ ಬಂತೆಂದರೆ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದೆ. ಇದು ಇಂಥದ್ದು, ಅದು ಅಂಥದ್ದು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಅವಳು ಹಿಂದಿನಿಂದ ಹೂಂ ಅನ್ನುತ್ತಿದ್ದಳು. ಗಾಳಿಯಲ್ಲಿ ಅದು ಕೇಳಿಸುತ್ತಿರಲಿಲ್ಲ, ಆದರೆ ಅಂದಿರುತ್ತಾಳೆ ಎಂದು ನಾನು ನಂಬಿಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಕಣ್ಣಿನ ಆಪರೇಷನ್ ಆಯಿತು. ಎಡಗಣ್ಣು ಸರಿಹೋಯಿತು, ಬಲಗಣ್ಣು ಪೂರ್ತಿ ಸರಿಹೋಗಲಿಲ್ಲ. ಡಾಕ್ಟರು ಇನ್ನು ಗಾಡಿ ಬೇಡ ಅಂದರು. ಸ್ಕೂಟರು ಮನೆ ಮುಂದೆ ಹಳೆಯ ಚಾದರ ಹೊದ್ದು ನಿಂತಿತು. ನಾನೂ ಹೆಚ್ಚುಕಡಿಮೆ ಅದರ ಹಾಗೆಯೇ ಕಟ್ಟೆಯ ಮೇಲೆ ಕೂತೆ. ಇನ್ನು ಇಬ್ಬರದೂ ತಿರುಗಾಟ ಮುಗಿಯಿತು ಅಂದುಕೊಂಡೆ. ಮುಗಿದದ್ದು ನನ್ನದು ಮಾತ್ರ.

ಇದಕ್ಕೆಲ್ಲ ಮೂಲ ಒಂದು ಟ್ರಾಮು. ಸಂಬಂಧಿಕರ ಮದುವೆಗೆಂದು ಒಮ್ಮೆ ಕಲಕತ್ತೆಗೆ ಹೋಗಿದ್ದೆವು. ಅಲ್ಲಿ ಎಲ್ಲರೂ ದೇವಸ್ಥಾನ, ಸೀರೆ ಅಂಗಡಿ ಎಂದು ಓಡಾಡುತ್ತಿದ್ದರೆ ಇವಳು ಟ್ರಾಮು ಹತ್ತಿ ಕೂತವಳು ಇಳಿಯಲೇ ಒಲ್ಲೆ ಅಂದಳು. ಕೊನೆಯ ಸ್ಟಾಪಿನ ತನಕ ಹೋದೆವು, ಅದೇ ಟ್ರಾಮಿನಲ್ಲಿ ವಾಪಸು ಬಂದೆವು. ಎಲ್ಲೂ ಇಳಿಯಲಿಲ್ಲ, ಏನೂ ಕೊಳ್ಳಲಿಲ್ಲ. ನನಗೆ ಬೇಸರದಿಂದ ಆಕಳಿಕೆ ಬಂತು. ಅವಳು ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದಳು. ಇಳಿದ ಮೇಲೆ ಹೇಳಿದಳು: "ನಮ್ಮೂರಾಗೂ ಒಮ್ಮೆ ಹಿಂಗ ಕಡೀ ಸ್ಟಾಪ್ ತನಕಾ ಕುಂತ ನೋಡಬೇಕ್ರಿ."

"ಬೆಳಗಾವ್ಯಾಗ ಎಲ್ಲೀ ಟ್ರಾಮು? ನಾ ನಿನಗ ಎಲ್ಲಾ ತೋರಿಸೇನಲ್ಲ" ಅಂದೆ ನಾನು. ಅವಳು ಆಗಲೂ ಹೂಂ ಅಂದಳು.

ಆಮೇಲೆ ಸರಕಾರದವರು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದರು. ಆಧಾರ್ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರು ಸೊನ್ನೆ ಬರೆದ ಟಿಕೀಟು ಹರಿದು ಕೊಡುತ್ತಾನೆ. ಮೊದಲು ಇವಳು ಭಾಜಿಗೆಂದು ಪೇಟೆಗೆ ಹೋದಳು. ನಂತರ ಹಿಂಡಲಗಾದ ಗಣಪತಿಗೆ ಹೋದಳು. ಅದರ ನಂತರ ಕಾರಣ ಹೇಳುವುದನ್ನೇ ಬಿಟ್ಟಳು. ಬೆಳಗಿನ ಲಿಂಗಪೂಜೆ ಮುಗಿಸಿ, ನನಗೆ ರೊಟ್ಟಿ ಪಲ್ಯ ಮುಚ್ಚಿಟ್ಟು, "ಇವತ್ತ ಕಣಬರ್ಗಿ ರೀ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದಳು. ಖಾಸಬಾಗದಿಂದ ಬಸ್‌ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಯಾವುದು ಮೊದಲು ಬಿಡುತ್ತದೋ ಅದಕ್ಕೆ ಹತ್ತಿ ಕಡೆಯ ಸ್ಟಾಪಿನ ತನಕ. ಯಳ್ಳೂರ, ಕಾಕತಿ, ಸಾಂಬ್ರಾ, ಮಚ್ಛೆ. ಅವಳ ಟ್ರಾಮು ಕೆಂಪು ಬಣ್ಣದ್ದಾಗಿತ್ತು, ಅಷ್ಟೇ.

ಒಬ್ಬಳೇ ಹೋಗುತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಜೋಡಿಗೆ ಎದುರುಮನೆಯ ಆಪಾ ಇದ್ದಳು. ಗಂಡ ತೀರಿಕೊಂಡ ಮೇಲೆ ಸೀರೆಗೆ ಫಾಲು ಹಚ್ಚಿ, ಜಂಪರು ಹೊಲಿದು ಸಂಸಾರ ತೂಗಿಸಿದ ಹೆಂಗಸು. ಈಗ ಮಗಳ ಮದುವೆ ಮಾಡಿ ಕೊಟ್ಟು ಅವಳೂ ಹಗುರಾಗಿದ್ದಾಳೆ. ಇವಳು ಅವಳಿಗೆ ಆಪಾ ಅನ್ನುತ್ತಾಳೆ, ಅವಳು ಇವಳಿಗೆ ಅಕ್ಕಾ ಅನ್ನುತ್ತಾಳೆ; ಎರಡರ ಅರ್ಥವೂ ಒಂದೇ. ಇಬ್ಬರಲ್ಲಿ ಹಿರಿಯರು ಯಾರು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಿ ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ಹೊಟ್ಟೆಯುರಿ ಶುರುವಾದದ್ದು ಸಾಂಬ್ರಾದ ದಿನ. ಸಂಜೆ ಬಂದವಳು ಕಾಲು ಚಾಚಿ ಗೋಡೆಗೆ ಒರಗಿ ಕೂತು ಹೇಳಿದಳು: "ವಿಮಾನ ಇಳಿಯೂದ ನೋಡಿದಿವ್ರಿ. ಬೇಲಿ ಬಾಜು ಒಂದ ದಿಬ್ಬ ಐತಿ. ಅಲ್ಲಿ ನಿಂತ್ರ ತಲಿಮ್ಯಾಲಿಂದ ಹೊಕ್ಕೈತಿ. ಆಪಾ ಹೆದರಿ ನನ್ನ ಸೆರಗ ಹಿಡಕೊಂಡ್ಲು."

"ನನಗ ಗೊತ್ತಿಲ್ಲೇನು ಸಾಂಬ್ರಾ? ಅಲ್ಲೊಂದ ದೊಡ್ಡ ಆಲದ ಗಿಡ ಐತಿ, ಅದರ ತೆಳಗ ಚಾದಂಗಡಿ" ಅಂದೆ.

"ಗಿಡ ಕಡದಾರ್ರಿ. ರಸ್ತಾ ಅಗಲ ಮಾಡ್ಯಾರ."

ಅವಳು ಇದನ್ನು ಮೆತ್ತಗೇ ಹೇಳಿದಳು. ಆದರೂ ನನ್ನ ಕೈಯಿಂದ ಏನೋ ಕಸಿದುಕೊಂಡ ಹಾಗಾಯಿತು. ಅಂದಿನಿಂದ ನನಗೊಂದು ಕೆಟ್ಟ ಚಟ ಹತ್ತಿತು. ಅವಳು ಬಂದ ಕೂಡಲೇ ಪರೀಕ್ಷೆ. ಕಾಕತಿಯಲ್ಲಿ ಆ ತಿರುವು ಇತ್ತಲ್ಲ? ಅದು ಈಗ ಮೇಲ್ಸೇತುವೆ. ವಡಗಾವಿಯ ಆ ಗಿರಣಿ? ಅಲ್ಲಿ ಕಲ್ಯಾಣ ಮಂಟಪ ಆಗಿದೆ. ಒಂದೊಂದು ಪ್ರಶ್ನೆಗೂ ನನ್ನ ಊರು ಒಂದೊಂದು ಓಣಿ ಕಳೆದುಕೊಂಡು ಸಣ್ಣದಾಗುತ್ತ ಬಂತು, ಅವಳದು ಬೆಳೆಯುತ್ತ ಹೋಯಿತು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಓಣಿಯವರು ಅವಳನ್ನು ಕೇಳತೊಡಗಿದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನನ್ನತ್ತ ಯಾರೂ ತಿರುಗುತ್ತಿರಲಿಲ್ಲ.

ಊರು ಹೋದರೆ ಹೋಗಲಿ. ಅವಳ ನಗೆ ಇತ್ತಲ್ಲ, ಅದು ನನ್ನನ್ನು ಸುಟ್ಟಿತು. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ಯಾಕೆಂದು ಕೇಳಿದರೆ, "ಏನಿಲ್ಲ ಬಿಡ್ರಿ, ಬಸ್ಸಿನಾಗಿನ ಮಾತು" ಅನ್ನುತ್ತಿದ್ದಳು. ನನ್ನ ಮನೆಯ ಒಲೆಯ ಮುಂದೆ ಕೂತು, ನನಗೆ ಗೊತ್ತಿಲ್ಲದ ಮಾತಿಗೆ ನಗುವುದೆಂದರೇನು? ಎದುರುಮನೆಯ ಕಿಟಕಿಯಲ್ಲಿ ಹೊಲಿಗೆ ಮಷಿನ್ನು ಟಕಟಕ ಅನ್ನುತ್ತಿದ್ದರೆ ಆಪಾಳೂ ಅದೇ ಮಾತಿಗೆ ನಗುತ್ತಿರಬೇಕು ಅನಿಸುತ್ತಿತ್ತು. ಅವಳ ಡಬ್ಬಿಗೆ ಶೇಂಗಾ ಚಟ್ನಿ ಬೇರೆ, ನನ್ನ ತಾಟಿಗೆ ಬೇರೆ. ಆಪಾಗೆ ಬೆಳ್ಳುಳ್ಳಿ ಹೆಚ್ಚು ಬೇಕಂತೆ. ನನಗೂ ಹೆಚ್ಚೇ ಬೇಕು, ಇಷ್ಟು ವರ್ಷದಲ್ಲಿ ಯಾರು ಕೇಳಿದ್ದಾರೆ?

ಒಂದೇ ಒಂದು ಊರನ್ನು ನಾನು ಬಿಟ್ಟುಕೊಟ್ಟಿರಲಿಲ್ಲ. ಖಾನಾಪುರ. ಮದುವೆಯಾದ ಹೊಸದರಲ್ಲಿ, ಸ್ಕೂಟರು ತಂದ ವಾರದಲ್ಲೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಲಪ್ರಭೆಯ ಘಾಟಿನ ಮೆಟ್ಟಿಲ ಮೇಲೆ ಕೂತು ಮಿರ್ಚಿಭಜಿ ತಿಂದಿದ್ದೆವು. ಅವಳು ಕಾಲೆರಡನ್ನೂ ಸೀರೆಯೊಳಗೆ ಎಳೆದುಕೊಂಡು, ಮೊಣಕಾಲಿಗೆ ಗದ್ದ ಊರಿ, ತಲೆ ಎತ್ತದೆ ಕೂತಿದ್ದಳು. ಆ ನಾಚಿಕೆ ನೋಡಿ ನನಗೆ ಎದೆ ತುಂಬಿ ಬಂದಿತ್ತು. ವಾಪಸು ಹೋಗುವಾಗ ಬರಿಗಾಲಲ್ಲಿ ಮರಳ ಮೇಲೆ ನಡೆದು ಬಂದಳು. ಮಗುವಿನ ಹಾಗೆ ಇದ್ದಾಳೆ ಅಂದುಕೊಂಡೆ. ಆಮೇಲೆ ನೌಕರಿ, ಮಕ್ಕಳು, ಸಿಟ್ಟು, ಸೆಡವು ಎಲ್ಲ ಬಂತು. ಏನು ಬಂದರೂ ಆ ಒಂದು ದಿನ ನನ್ನ ಕಿಸೆಯಲ್ಲಿ ಬೆಚ್ಚಗೆ ಇತ್ತು. ಅದಕ್ಕೇ ಅವಳಿಗೆ ಹೇಳಿದ್ದೆ: "ಎಲ್ಲಿಗರೆ ಹೋಗ್ರಿ. ಖಾನಾಪುರಕ್ಕ ಮಾತ್ರ ಬ್ಯಾಡ. ಅಲ್ಲಿಗಿ ನಾನ ಕರಕೊಂಡ ಹೊಕ್ಕೀನಿ."

ಅವಳು ಒಪ್ಪಿದ್ದಳು. ಮಳೆಗಾಲ ಮುಗಿಯಿತು, ಚಳಿ ಬಂತು, ನಾನು ಕರೆದುಕೊಂಡು ಹೋಗಲಿಲ್ಲ. ಬಸ್ಸಿನಲ್ಲಿ ಅವಳ ಹಿಂದೆ ಹೋಗುವುದೆಂದರೆ ನನ್ನ ಸ್ಕೂಟರಿಗೆ ಅವಮಾನ ಅನಿಸುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಡಬ್ಬಿ ಕಟ್ಟುತ್ತ ಅಂದಳು: "ಆಪಾ ಖಾನಾಪುರದಾಗ ಯಾರಿಗೋ ಜಂಪರ ಮುಟ್ಟಿಸಬೇಕಂತ. ನಾನೂ ಹೋಗಿ ಬರ್ತೀನ್ರಿ. ನೀವು ಹೆಂಗೂ ಒಲ್ಲೆ ಅಂತೀರಿ."

"ಯಾರಂದ್ರು ಒಲ್ಲೆ ಅಂತ? ನಾನೂ ಬರ್ತೀನಿ" ಅಂದೆ. ಗಂಟಲು ತುಸು ಏರಿಯೇ ಇತ್ತು. ಅವಳು ಇನ್ನೂ ಎರಡು ರೊಟ್ಟಿ ಡಬ್ಬಿಗೆ ಹಾಕಿದಳು.

ನನ್ನ ತಲೆಯಲ್ಲಿ ಒಂದು ಹಂಚಿಕೆ ಇತ್ತು. ಇಬ್ಬರು ಕೂರುವ ಸೀಟು ಹಿಡಿಯಬೇಕು. ಕಿಟಕಿಗೆ ಅವಳು, ಅವಳ ಬಾಜು ನಾನು. ಆಪಾ ಎಲ್ಲಾದರೂ ಕೂತುಕೊಳ್ಳಲಿ. ಖಾನಾಪುರದ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಮಂದಿ ಮುತ್ತಿಕೊಂಡಿತು. ನಾನು ಹಿಂದೆ ಬೀಳಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಜನರ ತಲೆಯ ಮೇಲಿಂದ ಕೈ ಚಾಚಿ, ಮುಂದಿನ ಕಿಟಕಿಯೊಳಗೆ ಒಗೆದೆ. ಸರಿಯಾಗಿ ಸೀಟಿನ ಮೇಲೇ ಬಿತ್ತು. ಈ ವಯಸ್ಸಿನಲ್ಲೂ ಗುರಿ ತಪ್ಪಲಿಲ್ಲ ಎಂದು ಹಿಗ್ಗಿದೆ. ನೂಕಾಡಿಕೊಂಡು ಹತ್ತಿ, ಹೋಗಿ ಕೂತು, ಅವಳಿಗಾಗಿ ಬಾಗಿಲತ್ತ ನೋಡಿದೆ.

ಕಂಡಕ್ಟರು ಬಂದ. "ಕಾಕಾ, ಮ್ಯಾಲ ನೋಡ್ರಿ, ಏನ ಬರದಾರ? ಇದು ಹೆಣ್ಣಮಕ್ಕಳ ಸೀಟ್ರಿ. ಏಳ್ರಿ, ಹಿಂದ ನಡೀರಿ."

ಮೇಲೆ ಬರೆದದ್ದನ್ನು ನನ್ನ ಬಲಗಣ್ಣು ಓದಲಿಲ್ಲ, ಎಡಗಣ್ಣು ಓದಿತು. ಜೀವಮಾನವೆಲ್ಲ ಸ್ಕೂಟರಿನ ಮೇಲೆ ಕಳೆದವನಿಗೆ ಬಸ್ಸಿನ ಮುಂದಿನ ಅರ್ಧ ಹೆಂಗಸರದು ಎಂದು ನೆನಪಿರಬೇಕಲ್ಲ! ನಾನು ಎದ್ದೆ. ಅದೇ ಹೊತ್ತಿಗೆ ಆಪಾ ಬಂದು, ಇವಳನ್ನು ಕಿಟಕಿಗೆ ಸರಿಸಿ, ತಾನು ಬಾಜು ಕೂತು, "ಶುಕ್ರಿಯಾ ಭಾಯಿಸಾಬ, ಛಲೋ ಸೀಟ ಹಿಡದ ಕೊಟ್ರಿ" ಅಂದಳು. ನಾನು ಹಿಂದೆ ಹೋಗಿ, ಗಾಲಿಯ ಮೇಲಿನ ಸೀಟಿನಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಟವೆಲ್ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತ ನನ್ನ ತನಕ ಬಂತು.

ಹಿಂದಿನಿಂದ ಅವಳ ತುರುಬು ಕಾಣುತ್ತಿತ್ತು, ಕಿವಿಯ ಬುಗುಡಿ ಕಾಣುತ್ತಿತ್ತು. ಮೂರನೇ ರೈಲ್ವೆ ಗೇಟು ದಾಟಿತು, ಪೀರನವಾಡಿ ದಾಟಿತು. ಹತ್ತುವ ಹೆಂಗಸರೆಲ್ಲ ಅವರಿಬ್ಬರನ್ನು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು. ಇವಳು ಮರಾಠಿಯಲ್ಲಿ ಒಬ್ಬಳ ಬಾಣಂತನ ವಿಚಾರಿಸಿದಳು, ಕನ್ನಡದಲ್ಲಿ ಇನ್ನೊಬ್ಬಳ ಕೋರ್ಟಿನ ಕೆಲಸ ವಿಚಾರಿಸಿದಳು. ಮನೆಯಲ್ಲಿ ಇಡೀ ದಿನಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆಯಾದರೂ ಹಿಂದೆ ತಿರುಗುತ್ತಾಳೆ ಎಂದು ಕಾದೆ. ಅವಳಿಗೆ ನಾನು ಬಂದದ್ದೇ ಮರೆತಿರಬೇಕು.

ದೇಸೂರ ಕ್ರಾಸಿನ ಹತ್ತಿರ ಇಬ್ಬರೂ ಒಮ್ಮೆಗೇ ಕಿಟಕಿಗೆ ಬಾಗಿದರು. ಇವಳು ಎಡಗಡೆ ರಸ್ತೆಯಂಚಿಗೆ ಬೆರಳು ಮಾಡಿ ಏನೋ ತೋರಿಸಿದಳು. ಆಪಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನೂ ಗಡಬಡಿಸಿ ಎಡಕ್ಕೆ ಬಾಗಿ ನೋಡಿದೆ. ಡಾಂಬರು, ಒಂದು ಟೈರು ಪಂಕ್ಚರಿನ ಅಂಗಡಿ, ಕೆಂಪು ಮಣ್ಣು. ನಗುವಂಥದ್ದು ಏನೂ ಇರಲಿಲ್ಲ. ಮೈಯೆಲ್ಲ ಉರಿದು ಹೋಯಿತು. ಈ ದಾರಿಗೆ ಅವಳನ್ನು ಮೊದಲು ಕರೆತಂದವನು ನಾನು, ಮತ್ತು ಇದರ ಗುಟ್ಟು ಗೊತ್ತಿರುವುದು ಆಪಾಗೆ!

ಖಾನಾಪುರದಲ್ಲಿ ಇಳಿದು, ಜಂಪರು ಮುಟ್ಟಿಸಿ, ಹೊಳೆಯ ಕಡೆ ನಡೆದೆವು. ಇಲ್ಲಿ ನಾನು ಮುಂದಾದೆ. ಹಂಚಿನ ಕಾರಖಾನೆಯ ಕಥೆ ಹೇಳಿದೆ, ಹಳೆಯ ದಾರಿ ಎಲ್ಲಿತ್ತು ಎಂದು ತೋರಿಸಿದೆ. ದೇವರ ದಯೆ, ಹೊಳೆಯನ್ನು ಯಾರೂ ಅಗಲ ಮಾಡಿರಲಿಲ್ಲ. ಮೆಟ್ಟಿಲು ಹಾಗೇ ಇದ್ದವು. ನೀರು ಕಡಿಮೆಯಿತ್ತು, ಒಬ್ಬಳು ಆಚೆ ದಡದಲ್ಲಿ ಹಾಸಿಗೆ ಒಗೆಯುತ್ತಿದ್ದಳು. ಮೂವರೂ ಕೂತು ಡಬ್ಬಿ ಬಿಚ್ಚಿದೆವು. ನಾನು ಒಂದು ಮೆಟ್ಟಿಲನ್ನು ಕೈಯಿಂದ ತಟ್ಟಿ ಆಪಾಗೆ ಹೇಳಿದೆ: "ಇಲ್ಲೇ ನೋಡ್ರಿ. ಮದವಿ ಆದ ಹೊಸದಾಗ ಇಲ್ಲೇ ಕುಂತಿದ್ದಿವಿ. ಆಗ ನಿಮ್ಮ ಅಕ್ಕಾಗ ಎಂಥಾ ನಾಚಿಕಿ ಅಂತೀರಿ! ಕಾಲ ಸೈತ ಸೀರ್ಯಾಗ ಮುಚ್ಚಿಕೊಂಡು ಕುಂತಿದ್ಲು."

ಇದನ್ನು ಹೇಳುವಾಗ ನನಗೆ ಗೆದ್ದ ಹಾಗೆ ಅನಿಸುತ್ತಿತ್ತು. ನೀನು ಎಷ್ಟೇ ಬಸ್ಸು ಹತ್ತಿರು, ಇಲ್ಲಿ ನೀನಿರಲಿಲ್ಲ, ನಾನಿದ್ದೆ, ಅನ್ನುವುದು ನನ್ನ ಮಾತಿನ ಒಳಗಿತ್ತು.

ಆಪಾ ರೊಟ್ಟಿ ಮುರಿಯುತ್ತ ನಕ್ಕಳು. "ನಾಚಿಕಿ ಎಲ್ಲೀದು ಭಾಯಿಸಾಬ! ಕಾಲಾಗ ಚಪ್ಪಲ್ ಇರಲಿಲ್ಲಲ್ಲ, ಅದಕ್ಕ..." ಅಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಹೆಂಡತಿ ಹೊಳೆಯತ್ತ ಮುಖ ತಿರುಗಿಸಿದಳು.

"ಯಾವ ಚಪ್ಪಲಿ?" ಅಂದೆ.

ಆಪಾ ನೀರು ತರುತ್ತೇನೆ ಎಂದು ಬಾಟಲಿ ಹಿಡಿದು ಎದ್ದು ಹೋದಳು. ಬಾಟಲಿ ತುಂಬಿಯೇ ಇತ್ತು.

"ಹಳೀ ಮಾತ್ರಿ" ಅಂದಳು ಹೆಂಡತಿ. "ಆವತ್ತ ಬರೂಮುಂದ ದೇಸೂರ ಕ್ರಾಸಿನ್ಯಾಗ ಒಂದ ಚಪ್ಪಲಿ ಉಚ್ಚಿ ಬಿತ್ತು. ಎಡಕ್ಕ ಒಂದ ಬದಿ ಕಾಲ ಬಿಟ್ಟ ಕುಂದರತಿದ್ದಿವೆಲ್ಲಾ, ಹೊಸಾ ಚಪ್ಪಲಿ, ಸಡ್ಲ ಇತ್ತು."

"ಮತ್ತ ಹೇಳಬಾರದೇನು?"

"ಎರಡ ಸಲ 'ರೀ' ಅಂದೆ. ನಿಮಗ ಕೇಳಲಿಲ್ಲ."

"ಜೋರಾಗಿ ಅನ್ನಬೇಕಿತ್ತು. ನಿಲ್ಲಸ್ತಿದ್ದೆ."

"ನಿಲ್ಲಸ್ತಿದ್ರಿ. ಬೈದು ನಿಲ್ಲಸ್ತಿದ್ರಿ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೊಸಾ ಗಾಡಿ, ಹೊಸಾ ಗಂಡ. ಒಂದ ಚಪ್ಪಲಿ ಸಲುವಾಗಿ ಯಾಕಂತ ಸುಮ್ಮನಾದೆ. ಇಲ್ಲಿ ಕುಂತಾಗ ಬರಿಗಾಲ ನಿಮಗ ಕಾಣಬಾರದಂತ ಮುಚ್ಚಿಕೊಂಡೆ. ನೀವು ಭಜಿ ತರಾಕ ಹೋದ್ರೆಲ್ಲಾ, ಆವಾಗ ಇನ್ನೊಂದನ್ನ ನೀರಿಗಿ ಬಿಟ್ಟೆ. ಒಂದ ಇಟ್ಟಗೊಂಡು ಏನ ಮಾಡೂದು?"

ನಾನು ಹೊಳೆಯನ್ನು ನೋಡಿದೆ. ಆಚೆ ದಡದವಳು ಹಾಸಿಗೆಯನ್ನು ಬಂಡೆಗೆ ಬಡಿಯುತ್ತಿದ್ದಳು. ಏಟು ಕಣ್ಣಿಗೆ ಕಂಡ ಮೇಲೆ ಸದ್ದು ಕಿವಿಗೆ ಬರುತ್ತಿತ್ತು.

"ಮತ್ತ ರಸ್ತಾ? ನಾ ಅಷ್ಟ ತೋರಿಸಿಕೋತ ಬಂದಿದ್ದೆ..."

"ಎಡಗಡೀದ ಕಂಡಿತ್ರಿ. ಬಲಗಡೀದು ಇವತ್ತ ಬಸ್ಸಿನ್ಯಾಗಿಂದ ಕಂಡಿತು. ಹೊಳ್ಳಿ ಹೋಗೂಮುಂದ ಕತ್ತಲಾಗಿತ್ತು, ಏನೂ ಕಾಣಲಿಲ್ಲ. ಮುಂದ ನಿಮ್ಮ ಅಂಗೀ ಕಾಲರ್ ಒಂದ ಕಾಣ್ತಿತ್ತು." ಅಷ್ಟು ಹೇಳಿ ನನ್ನ ತಾಟಿಗೆ ಚಟ್ನಿ ಹಾಕಿದಳು. ಬೆಳ್ಳುಳ್ಳಿ ಹೆಚ್ಚು ಹಾಕಿದ್ದ, ಆಪಾಳ ಚಟ್ನಿ.

ಚಪ್ಪಲಿ ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಅವಳು ಬಚ್ಚಿಟ್ಟಳಲ್ಲ ಅಂತ ಸಿಟ್ಟೂ ಬರಲಿಲ್ಲ. ಬಂದದ್ದು ಬರೀ ಹೊಟ್ಟೆಕಿಚ್ಚು, ಅದೂ ಹಸಿಹಸಿಯಾದದ್ದು. ಆ ದಿನ ನಾವು ಇಬ್ಬರೇ ಇದ್ದೆವು ಎಂದು ಇಷ್ಟು ವರ್ಷ ನಂಬಿದ್ದೆ. ನಾನು ನೋಡಿಕೊಂಡದ್ದು ಒಂದು ದಿನ, ಅವಳು ಕಳೆದದ್ದು ಬೇರೆಯೇ ಒಂದು ದಿನ. ಆ ಖರೇ ದಿನವನ್ನು ಅವಳು ನನಗೆ ಹೇಳದೆ, ಯಾವುದೋ ಬಸ್ಸಿನಲ್ಲಿ, ಕಡೆಯ ಸ್ಟಾಪಿಗೆ ಹೋಗುವ ಬೇಸರ ಕಳೆಯಲಿಕ್ಕೆ ಬಾಜು ಕೂತವಳಿಗೆ ಹೇಳಿದ್ದಳು. ಆಪಾ ಇಲ್ಲಿಗೆ ಇವತ್ತು ಮೊದಲ ಸಲ ಬಂದಿದ್ದಳು. ಆದರೂ ಈ ಮೆಟ್ಟಿಲು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಬಾಟಲಿ ಹಿಡಿದು ವಾಪಸು ಬಂದ ಆಪಾ ನನ್ನ ಮುಖ ನೋಡಲಿಲ್ಲ. "ತಪ್ಪ ತಿಳೀಬ್ಯಾಡ್ರಿ ಭಾಯಿಸಾಬ" ಅಂದಳು. ನಾನು "ಅದರಾಗೇನೈತಿ" ಅಂದೆ. ಅದರಲ್ಲಿ ಎಲ್ಲವೂ ಇತ್ತು.

ವಾಪಸಿನ ಬಸ್ಸಿಗೆ ನಾನು ಟವೆಲ್ ಹಾಕಲಿಲ್ಲ. ಅವರು ಮುಂದೆ ಹತ್ತಿದರು, ನಾನು ಹೇಳಿಸಿಕೊಳ್ಳದೆ ಹಿಂದೆ ಹೋದೆ. ಮತ್ತೆ ಅದೇ ತುರುಬು, ಅದೇ ಬುಗುಡಿ. ಈಗ ನನಗೂ ಮುಂದಿನದೇನೂ ಕಾಣುತ್ತಿರಲಿಲ್ಲ, ಕಿಟಕಿಯ ಬದಿಯದು ಮಾತ್ರ ಸರಿಯುತ್ತಿತ್ತು. ಹಿಂದೆ ಕೂತವರ ಪಾಡು ಇಷ್ಟೇ ಎಂದು ಸಿಟ್ಟಾಗಿ, ಸಿಟ್ಟಾಗಲಿಕ್ಕೆ ಯಾರೂ ಸಿಗದೆ, ಟವೆಲ್ಲನ್ನು ಮಡಚಿದೆ, ಬಿಚ್ಚಿದೆ. 'ರೀ' ಎಂದು ಎರಡು ಸಲ ಕರೆದಿದ್ದಳಂತೆ. ನಾನು ಇಲ್ಲಿಂದ ಕರೆದರೆ ಇಂಜಿನ್ನಿನ ಸದ್ದಿನಲ್ಲಿ ಅವಳಿಗೆ ಕೇಳಿಸುತ್ತದೆಯೇ ಎಂದು ಯೋಚಿಸಿದೆ. ಕರೆಯಲಿಲ್ಲ. ಕೇಳಿಸದಿದ್ದರೆ?

ದೇಸೂರ ಕ್ರಾಸು ಬಂತು. ಈಗ ಆ ಜಾಗ ಬಲಗಡೆಗೆ ಬರುತ್ತಿತ್ತು, ನನ್ನ ಕೆಟ್ಟ ಕಣ್ಣಿನ ಕಡೆಗೆ. ಕುತ್ತಿಗೆ ಪೂರ್ತಿ ತಿರುಗಿಸಿ, ಎಡಗಣ್ಣಿನಿಂದ ರಸ್ತೆಯಂಚನ್ನು ಹುಡುಕಿದೆ. ಹಳೆಯ ರಸ್ತೆಯೇ ಡಾಂಬರಿನ ಕೆಳಗೆ ಹೋಗಿದೆ, ಚಪ್ಪಲಿ ಎಲ್ಲಿಂದ ಬರಬೇಕು? ಆದರೂ ಪಂಕ್ಚರಿನ ಅಂಗಡಿ ಹಿಂದೆ ಸರಿದು ಹೋಗುವ ತನಕ ನೋಡಿದೆ. ಬಾಜು ಕೂತಿದ್ದವನು, "ಏನರೆ ಬಿತ್ತೇನ್ರಿ ಕಾಕಾ?" ಎಂದು ಕೇಳಿದ. ಇಲ್ಲಪಾ ಅಂದೆ.

ತಲೆ ಈಚೆಗೆ ತಿರುಗಿಸಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಸೀಟಿನ ಹಿಂಬದಿಗೆ ಕೈ ಊರಿ, ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನೋಡುತ್ತಿದ್ದಳೋ ಗೊತ್ತಿಲ್ಲ. ನಡುವೆ ನಿಂತವರ ತಲೆ, ಚೀಲ, ಕೈಗಳ ಸಂದಿಯಿಂದ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದಳು:

"ರೀ! ಎರಡೂ ಚಪ್ಪಲಿ ಅದಾವಿಲ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕ. ನಾನು ಬಾಗಿ ಸೀಟಿನ ಕೆಳಗೆ ನೋಡಿ, "ಅದಾವ, ಅದಾವ" ಎಂದು ಕೂಗಿ ಹೇಳಿದೆ. ಮುದುಕ ಚಪ್ಪಲಿ ಬಿಟ್ಟು ಇಳಿಯುವ ಮರೆಗುಳಿ ಎಂದು ಎಲ್ಲರೂ ಅಂದುಕೊಂಡಿರಬೇಕು. ಆ ಮಾತು ಏನೆಂದು ಅಲ್ಲಿ ಮೂರೇ ಮಂದಿಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ನಕ್ಕವಳು ಆಪಾ. ಮೂರನೆಯವನು ನಾನು.